ಒಂದೇ ಕಂತು ಅಂದಿದ್ದರು: ಹೆದ್ದಾರಿ ಪರಿಹಾರದ ಹಣ ಪೆನ್ಶನ್ ಪಾಲಿಸಿಗೆ ಹೋಗಿ ಮರಳಿ ಬಂದ ಪ್ರಕರಣ

ಈ ಪ್ರಕರಣದ ಅಕ್ಕನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವರ ಹೆಸರು, ಊರು, ಬ್ಯಾಂಕು, ವಿಮಾ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಾರದೆಂದು ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಕಾಗದಪತ್ರ ಮತ್ತು ನಡೆದ ಕ್ರಮ ಮಾತ್ರ ಇದ್ದ ಹಾಗೆಯೇ ಉಂಟು. ನಾನು ವಿಮಾ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಈಗ ಊರ ವಾಚನಾಲಯದಲ್ಲಿ ಆದಿತ್ಯವಾರ ಬೆಳಿಗ್ಗೆ ಕೂತು, ಬಂದವರಿಗೆ ಅರ್ಜಿ ಬರೆದುಕೊಡುತ್ತೇನೆ. ಇಂಥ ಪಾಲಿಸಿ ಹಿಡಿದುಕೊಂಡು ಬಂದವರು ಈ ಅಕ್ಕ ಒಬ್ಬರೇ ಏನಲ್ಲ. ಆದರೆ ಶುರುವಿನಿಂದ ಕೊನೆಯ ತನಕ ಪ್ರತಿ ಕಾಗದವೂ ನನ್ನ ಕಣ್ಣೆದುರು ಹಾದುಹೋದದ್ದು ಇದೊಂದರಲ್ಲಿ.

ಹಣ ಬಂದದ್ದು

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವಾಗ ರಸ್ತೆ ಬದಿಯ ಎಷ್ಟೋ ಅಂಗಡಿ, ಮನೆ, ತೆಂಗು ಹೋದವು. ಈ ಅಕ್ಕನ ಗಂಡ ನಡೆಸುತ್ತಿದ್ದ ಚಾದ ಹೋಟ್ಲೂ ಹೋಯಿತು. ಗಂಡ ಅದಕ್ಕಿಂತ ಮೊದಲೇ ತೀರಿಕೊಂಡಿದ್ದರು. ನಾಲ್ಕು ಸೆಂಟ್ಸ್ ಜಾಗ ಮತ್ತು ಕಟ್ಟಡಕ್ಕೆ ಸುಮಾರು 22 ಲಕ್ಷ ಪರಿಹಾರ ಅವರ ಉಳಿತಾಯ ಖಾತೆಗೆ ಬಿತ್ತು. ಆಗ ಅವರಿಗೆ 58. ಏಳನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಮನೆಯಲ್ಲಿ ತುಳು, ಪೇಟೆಯಲ್ಲಿ ವ್ಯಾಪಾರಕ್ಕೆ ಬೇಕಾದಷ್ಟು ಮಲಯಾಳ. ಬೀಡಿ ಕಟ್ಟುವುದು ಬಿಟ್ಟರೆ ಬೇರೆ ದುಡಿಮೆ ಇಲ್ಲ. ಮಗಳಿಗೆ ಮಂಗಳೂರಿನಲ್ಲಿ ಕೆಲಸ.

ಹಣ ಬಂದ ವಾರದಲ್ಲೇ ಬ್ಯಾಂಕಿನಿಂದ ಫೋನು ಬಂತು. ಮೂರನೆಯ ಫೋನಿನ ನಂತರ ಟೈ ಕಟ್ಟಿದ ಹುಡುಗ ಮನೆಗೇ ಬಂದ. ಅಕ್ಕನಿಗೆ ಬೇಕಿದ್ದುದು ಒಂದೇ: ತಿಂಗಳು ತಿಂಗಳು ಕೈಗೆ ಏನಾದರೂ ಬರಬೇಕು, ಮಗಳ ಹತ್ತಿರ ಕೈಚಾಚುವ ಹಾಗಾಗಬಾರದು. ಅದನ್ನು ಆತನ ಹತ್ತಿರ ಬಾಯಿಬಿಟ್ಟು ಹೇಳಿದ್ದಾರೆ. "ಪೆನ್ಶನ್ ಸ್ಕೀಮ್ ಉಂಟು, ಒಂದೇ ಕಂತು, ಐದು ವರ್ಷ ಬಿಟ್ಟು ತಿಂಗಳು ತಿಂಗಳು ಬರ್ತದೆ" ಎಂದನಂತೆ. ಬ್ಯಾಂಕಿನದ್ದೇ ಸ್ಕೀಮ್ ಎಂದು ಅಕ್ಕ ತಿಳಿದರು. 2021ರ ಮಾರ್ಚ್ ಕೊನೆಯ ವಾರ ಅವರ ಖಾತೆಯಿಂದ 4,18,000 ರೂಪಾಯಿ ಹೋಯಿತು. ಮಾರ್ಚ್ ಕೊನೆಯ ವಾರ ಎಂದರೆ ಟಾರ್ಗೆಟ್ಟಿನ ವಾರ. ನಮ್ಮ ಕಚೇರಿಯಲ್ಲೂ ಆ ದಿನಗಳಲ್ಲಿ ಯಾರಿಗೂ ಊಟದ ಹೊತ್ತು ಇರುತ್ತಿರಲಿಲ್ಲ.

ಏಪ್ರಿಲಿನಲ್ಲಿ ಕೊರಿಯರಿನಲ್ಲಿ ಪಾಲಿಸಿ ಬಾಂಡ್ ಬಂತು. ಇಂಗ್ಲಿಷಿನಲ್ಲಿ ನಲವತ್ತಕ್ಕೂ ಹೆಚ್ಚು ಪುಟ. ಅಕ್ಕ ಅದನ್ನು ಗೋದ್ರೇಜಿನಲ್ಲಿ ಸೀರೆಯ ಅಡಿಯಲ್ಲಿಟ್ಟು ಬೀಗ ಹಾಕಿದರು.

ಎರಡನೇ ಕಂತು

2022ರ ಫೆಬ್ರವರಿಯಲ್ಲಿ ಮೊಬೈಲಿಗೆ ಇಂಗ್ಲಿಷಿನಲ್ಲಿ ಮೆಸೇಜು ಬರತೊಡಗಿತು. ಪೆನ್ಶನ್ನಿನ ಸುದ್ದಿ ಇರಬೇಕೆಂದು ಅಕ್ಕ ಬ್ಯಾಂಕಿಗೆ ಹೋದರು. ಟೈ ಹುಡುಗನಿಗೆ ವರ್ಗವಾಗಿತ್ತು. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ನೋಡಿ, ಎರಡನೇ ಕಂತಿನ ಸಮಯ ಆಗಿದೆ, ಕಟ್ಟದಿದ್ದರೆ ಕಟ್ಟಿದ್ದೂ ಹೋಗುತ್ತದೆ ಎಂದರು.

ಕೌಂಟರಿನವರು ಹೇಳಿದ್ದು ಸುಳ್ಳಲ್ಲ. ಆಗಿನ ನಿಯಮದಂತೆ ಈ ತರದ ಸಾಂಪ್ರದಾಯಿಕ ಪಾಲಿಸಿಗಳಲ್ಲಿ ಎರಡು ವರ್ಷದ ಕಂತು ಪೂರ್ತಿ ಕಟ್ಟುವ ಮೊದಲು ಸರೆಂಡರ್ ಮೌಲ್ಯ, ಅಂದರೆ ಪಾಲಿಸಿಯನ್ನು ನಡುವೆ ಬಿಟ್ಟುಕೊಟ್ಟರೆ ಮರಳಿ ಸಿಗುವ ಮೊತ್ತ, ಎಂಬುದೇ ಹುಟ್ಟುತ್ತಿರಲಿಲ್ಲ. (2024ರ ಅಕ್ಟೋಬರ್ 1ರಿಂದ ಇದು ಬದಲಾಗಿದೆ, ಒಂದು ವರ್ಷದ ಕಂತು ಪೂರ್ತಿ ಕಟ್ಟಿದ್ದರೂ ಒಂದಷ್ಟು ಮೊತ್ತ ಸಿಗುತ್ತದೆ.) ಎಷ್ಟೋ ಜನ ಎರಡನೇ ಕಂತು ಕಟ್ಟುವುದು ಈ ಹೆದರಿಕೆಗೇ. ಅಕ್ಕನೂ ಕಟ್ಟಿದರು. ಏಳು ತಿಂಗಳಲ್ಲಿ ತುಂಬಲಿದ್ದ ಒಂದು ಎಫ್‌ಡಿಯನ್ನು ದಂಡ ತೆತ್ತು ಮುರಿಸಿ, ಅದೇ ದಿನ 4,09,000 ಕಟ್ಟಿ ಬಂದರು. ಆ ರಾತ್ರಿ ಮಗಳಿಗೂ ಹೇಳಲಿಲ್ಲ, ಮರ್ಯಾದೆಯ ಪ್ರಶ್ನೆ ಎಂದು. ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರುವುದು ಎಷ್ಟು ದುಬಾರಿ ಎಂಬುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಆ ಮೌನದ ಎಂಟು ತಿಂಗಳು ಮುಂದೆ ಬಡ್ಡಿಯ ಲೆಕ್ಕದಲ್ಲೂ ಬಂತು.

ಪಾಸ್‌ಬುಕ್ಕಿನ ಎರಡು ಸಾಲು

2022ರ ನವೆಂಬರಿನಲ್ಲಿ ಅಕ್ಕ ವಾಚನಾಲಯಕ್ಕೆ ಬಂದದ್ದು ಬೇರೆ ಕೆಲಸಕ್ಕೆ, ಬೀಡಿ ಪಿಎಫ್ ವಿಷಯಕ್ಕೆ. ಪಾಸ್‌ಬುಕ್ ತಿರುಗಿಸುವಾಗ ಆ ಎರಡು ಸಾಲು ನನಗೆ ಕಂಡವು.

4,18,000 ಮತ್ತು 4,09,000. ಹಳೆಯ ಗುಮಾಸ್ತನಿಗೆ ಈ ಅಂಕೆಗಳೇ ಸಾಕಿತ್ತು. ಆಗ ಇಂಥ ಪಾಲಿಸಿಯ ಕಂತಿನ ಮೇಲೆ ಜಿಎಸ್‌ಟಿ ಮೊದಲ ವರ್ಷ ಶೇಕಡಾ 4.5, ನಂತರದ ವರ್ಷಗಳಲ್ಲಿ 2.25. ನಾಲ್ಕು ಲಕ್ಷಕ್ಕೆ 18 ಸಾವಿರ, ಆಮೇಲೆ 9 ಸಾವಿರ. ಒಂದೇ ಸಲ ಹಣ ಕೊಟ್ಟು ಪೆನ್ಶನ್ ಕೊಳ್ಳುವ ಆನ್ಯುಟಿಗಾದರೆ 1.8, ಅಂದರೆ 7,200 ರೂಪಾಯಿ. ಮಾರಿದವರಿಗೆ ಇದು ವರ್ಷ ವರ್ಷ ಕಟ್ಟುವ ಪಾಲಿಸಿ ಎಂದು ಮೊದಲ ದಿನವೇ ಗೊತ್ತಿತ್ತು. (2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಯ ಮೇಲೆ ಜಿಎಸ್‌ಟಿ ಇಲ್ಲ, ಹಾಗಾಗಿ ಈ ಸುಳಿವು ಇನ್ನು ಹೊಸ ಪಾಲಿಸಿಗಳಲ್ಲಿ ಸಿಗುವುದಿಲ್ಲ.)

"ಅಕ್ಕ, ಇದು ಎಷ್ಟು ವರ್ಷ ಕಟ್ಟಲಿಕ್ಕುಂಟು?" ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. "ಮುಗೀಲಿಲ್ವಾ ಅಣ್ಣ?" ಎಂದರು.

ಮರುದಿನ ಬಾಂಡ್ ತಂದರು. ಹತ್ತು ವರ್ಷ, ವರ್ಷಕ್ಕೆ ನಾಲ್ಕು ಲಕ್ಷ. ಪೆನ್ಶನ್ ಶುರುವಾಗುವುದು ಅವರ 68ನೇ ವಯಸ್ಸಿಗೆ. ಆಗಲೂ ಒಟ್ಟು ನಿಧಿಯ ಒಂದು ಭಾಗವನ್ನಷ್ಟೇ ಕೈಗೆ ಕೊಟ್ಟು ಉಳಿದದ್ದಕ್ಕೆ ಆನ್ಯುಟಿ ಕೊಳ್ಳಬೇಕು. ಎರಡು ಕಂತು ಕಟ್ಟಿದ್ದ ಆ ನವೆಂಬರಿನಲ್ಲೇ ಸರೆಂಡರ್ ಮಾಡಿದ್ದರೆ ಖಾತರಿಯಾಗಿ ಸಿಗುತ್ತಿದ್ದುದು ಕಟ್ಟಿದ ಕಂತಿನ ಶೇಕಡಾ 30, ಅಂದರೆ ಎಂಟು ಲಕ್ಷಕ್ಕೆ 2,40,000.

ಏನು ಬರೆಯಬೇಕು, ಏನು ಬರೆಯಬಾರದು

ಅಕ್ಕನ ಅಣ್ಣನ ಮಗ ಒಂದು ದೂರು ಅಷ್ಟರಲ್ಲೇ ಟೈಪ್ ಮಾಡಿ ತಂದಿದ್ದ. ಅದರ ಮೊದಲ ಸಾಲೇ "ಪಾಲಿಸಿ ದಾಖಲೆ ನನಗೆ ತಲುಪಿಯೇ ಇಲ್ಲ" ಎಂದಿತ್ತು. ಅವನ ಲೆಕ್ಕ ಸರಿಯಾಗಿಯೇ ಇತ್ತು. ಬಾಂಡ್ ಕೈಸೇರಿದ ದಿನದಿಂದ ಫ್ರೀ ಲುಕ್ ಅವಧಿ, ಅಂದರೆ ಪಾಲಿಸಿ ಬೇಡವೆಂದು ಹಿಂದಿರುಗಿಸಬಹುದಾದ ಅವಧಿ, ಶುರು. ಆಗ ಅದು ಕಾಗದದ ಪಾಲಿಸಿಗೆ 15 ದಿನ, ಎಲೆಕ್ಟ್ರಾನಿಕ್ ಪಾಲಿಸಿಗೆ 30 ದಿನ. 2024ರಿಂದ ಎಲ್ಲಕ್ಕೂ 30 ದಿನ. ಬಾಂಡೇ ತಲುಪಿಲ್ಲವೆಂದರೆ ಆ ಅವಧಿ ಮುಗಿಯುವುದೇ ಇಲ್ಲವಲ್ಲ.

ಆ ಸಾಲು ಹೊಡೆದುಹಾಕಲು ನಾನು ಹಟ ಹಿಡಿದೆ. ಬಾಂಡ್ ಬಂದದ್ದು ನಿಜ, ಕೊರಿಯರಿನವನ ಹತ್ತಿರ ಸಹಿ ಇರುತ್ತದೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಹತ್ತು ನಿಜವೂ ನೀರಿಗೆ. ಅದರ ಬದಲು "ಬಾಂಡ್ ಬಂದಿದೆ, ನನಗೆ ಓದಲು ಬರುವ ಭಾಷೆಯಲ್ಲಿ ಇರಲಿಲ್ಲ, ಬ್ಯಾಂಕಿನವರ ಮಾತು ನಂಬಿ ತೆರೆಯಲಿಲ್ಲ" ಎಂದು ಬರೆದೆವು. ಹುಡುಗನಿಗೆ ಸಿಟ್ಟು ಬಂದು ಒಂದು ವಾರ ಮಾತಾಡಲಿಲ್ಲ.

ಪತ್ರದ ಜೀವ ಬೇರೆ ಕಡೆ ಇತ್ತು. ಹತ್ತು ವರ್ಷಕ್ಕೆ ನಾಲ್ಕು ಲಕ್ಷದಂತೆ ನಲವತ್ತು ಲಕ್ಷ. ಜೀವಮಾನದಲ್ಲಿ ಒಂದೇ ಸಲ 22 ಲಕ್ಷ ಕಂಡ, ಬೀಡಿ ಕಟ್ಟುವ ವಿಧವೆಯೊಬ್ಬರು ನಲವತ್ತು ಲಕ್ಷ ಕಟ್ಟುವ ಕರಾರಿಗೆ ತಿಳಿದೂ ತಿಳಿದೂ ಸಹಿ ಹಾಕುವುದುಂಟೇ? ಇದನ್ನೇ ಎರಡನೇ ಪ್ಯಾರಾದಲ್ಲಿ ಇಟ್ಟೆವು. ಟೈ ಹುಡುಗನ ಬಗ್ಗೆ ಬೈಗುಳ ಒಂದೂ ಇರಲಿಲ್ಲ.

2022ರ ಡಿಸೆಂಬರಿನಲ್ಲಿ ವಿಮಾ ಕಂಪನಿಯ ದೂರು ನಿವಾರಣಾ ಅಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು, ಪ್ರತಿ ಬ್ಯಾಂಕಿಗೆ. ಅದಕ್ಕೂ ಮೊದಲು ಅಕ್ಕ ನಾಲ್ಕು ಸಲ ಬ್ಯಾಂಕಿಗೆ ಹೋಗಿ ಬಾಯಲ್ಲಿ ಹೇಳಿದ್ದರು. ಆ ನಾಲ್ಕಕ್ಕೂ ಒಂದು ಚೀಟಿಯ ಆಧಾರವೂ ಇರಲಿಲ್ಲ. ಪತ್ರದ ಕೊನೆಗೆ ಮೂರು ವಸ್ತು ಕೇಳಿದ್ದೆವು: ಪ್ರೊಪೋಸಲ್ ಫಾರ್ಮಿನ (ಪಾಲಿಸಿಗೆ ಹಾಕಿದ ಅರ್ಜಿಯ) ಪ್ರತಿ, ಎಷ್ಟು ಕಟ್ಟಿದರೆ ಎಷ್ಟು ಸಿಗುತ್ತದೆಂದು ತೋರಿಸುವ ಬೆನಿಫಿಟ್ ಇಲಸ್ಟ್ರೇಶನ್ ಹಾಳೆ, ಮತ್ತು ಪಾಲಿಸಿ ಕೊಡುವ ಮೊದಲು ಕಂಪನಿ ಮಾಡುವ ಖಚಿತಪಡಿಸುವ ಕರೆಯ ರೆಕಾರ್ಡಿಂಗ್. ಇದನ್ನು ಕೇಳದೆ ದೂರು ಕಳಿಸುವವರೇ ಹೆಚ್ಚು.

ಜನವರಿಯಲ್ಲಿ ಉತ್ತರ ಬಂತು. ಫ್ರೀ ಲುಕ್ ಮುಗಿದಿದೆ, ಕರೆಯಲ್ಲಿ ಎಲ್ಲಕ್ಕೂ ಒಪ್ಪಿದ್ದಾರೆ, ಎರಡನೇ ಕಂತೂ ಕಟ್ಟಿದ್ದಾರೆ, ಆದ್ದರಿಂದ ಆಗುವುದಿಲ್ಲ. ಬ್ಯಾಂಕು ತಾನು ಬರೀ ಏಜೆಂಟ್ ಎಂದಿತು. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ಹಾಕಿದೆವು. ಅಲ್ಲಿಂದಲೂ ಅದೇ ಉತ್ತರದ ಅಚ್ಚು. ಆದರೆ ಈ ಸಲ ಕೇಳಿದ್ದ ಮೂರು ವಸ್ತುಗಳೂ ಜತೆಗೆ ಬಂದವು.

ಫಾರ್ಮಿನ ಕೊನೆಯ ಪುಟ

ಪ್ರೊಪೋಸಲ್ ಫಾರ್ಮನ್ನು ವಾಚನಾಲಯದ ಮೇಜಿನ ಮೇಲೆ ಹರಡಿಕೊಂಡು ಕೂತೆವು. ವೃತ್ತಿ: ವ್ಯಾಪಾರ. ವಾರ್ಷಿಕ ಆದಾಯ: ಆರು ಲಕ್ಷ. ಬಡ ಕುಟುಂಬಗಳಿಗೆ ಕೊಡುವ, ಅಕ್ಕನ ಗುಲಾಬಿ ರೇಷನ್ ಕಾರ್ಡಿನಲ್ಲಿ ಆದಾಯ ಬೇರೆಯೇ ಅಚ್ಚಾಗಿತ್ತು, ಬೀಡಿ ಕಾರ್ಮಿಕರ ಗುರುತಿನ ಚೀಟಿಯೂ ಇತ್ತು.

ಕೊನೆಯ ಪುಟದಲ್ಲಿ ಒಂದು ಘೋಷಣೆ ಇರುತ್ತದೆ. ಫಾರ್ಮನ್ನು ಗ್ರಾಹಕರೇ ತುಂಬಿಸದಿದ್ದರೆ, ಒಳಗಿನದ್ದನ್ನೆಲ್ಲ ಅವರಿಗೆ ವಿವರಿಸಿ ಹೇಳಲಾಗಿದೆ, ಅವರಿಗೆ ಪೂರ್ತಿ ಅರ್ಥವಾಗಿದೆ ಎಂಬ ಪ್ರಮಾಣ. ಯಾರೂ ಓದದ ಜಾಗ ಅದು. ಇಲ್ಲಿ ಇಂಗ್ಲಿಷಿನಲ್ಲಿ ಹೀಗೆ ತುಂಬಿಸಿದ್ದರು: "ಮಲಯಾಳದಲ್ಲಿ ವಿವರಿಸಲಾಗಿದೆ." ಅದರ ಕೆಳಗೆ, ಚೌಕದಿಂದ ಸ್ವಲ್ಪ ಹೊರಗೆ ಜಾರಿದ ಹಾಗೆ, ದುಂಡಗಿನ ಕನ್ನಡ ಅಕ್ಷರದಲ್ಲಿ ಅಕ್ಕನ ಸಹಿ.

ನಾನು ತುಂಬಾ ಹೊತ್ತು ಆ ಪುಟವನ್ನೇ ನೋಡಿದೆ. 1956ರ ನವೆಂಬರ್ 1ರಿಂದ ನಾವು ಕಾಸರಗೋಡಿನವರು ಕೇರಳದಲ್ಲಿದ್ದೇವೆ. ಕನ್ನಡ ಅಲ್ಪಸಂಖ್ಯಾತರು ರಾಜ್ಯ ಸರಕಾರದ ಜತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದೆಂದು 1969ರ ಅಧಿಕೃತ ಭಾಷಾ ಕಾನೂನಿನಲ್ಲೇ ಉಂಟು. ಅದು ಸರಕಾರಿ ಕಚೇರಿಯ ಮಟ್ಟಿಗಿನ ಮಾತು, ಬ್ಯಾಂಕಿನ ಮೇಜಿನ ಈಚೆ ಬದಿಯಲ್ಲಿ ಕೂತವರಿಗೆ ಅದರಿಂದ ರಕ್ಷೆ ಇಲ್ಲ. ಭಾಷೆಯ ಮಾತೆತ್ತಿದರೆ ನಾವು ನಾಮಫಲಕದ ಬಗ್ಗೆ, ಶಾಲೆಯ ಬಗ್ಗೆ ಮಾತಾಡುತ್ತೇವೆ, ಅದು ಸರಿಯೇ. ಆದರೆ ಈ ಪುಟದಲ್ಲಿ ಭಾಷೆ ಎಂದರೆ 8,27,000 ರೂಪಾಯಿ.

ಆಮೇಲೆ ರೆಕಾರ್ಡಿಂಗ್ ಕೇಳಿದೆವು. ಎರಡು ನಿಮಿಷವೂ ಇಲ್ಲ. ಹುಡುಗಿಯೊಬ್ಬಳು ಮಲಯಾಳದಲ್ಲಿ ರೈಲಿನ ವೇಗದಲ್ಲಿ ಓದುತ್ತಾಳೆ. "ಪತ್ತು ವರ್ಷಂ ಅಡಯ್ಕ್ಕಣಂ, ಶರಿಯಲ್ಲೇ?" (ಹತ್ತು ವರ್ಷ ಕಟ್ಟಬೇಕು, ಸರಿ ತಾನೇ?) "ಅದೆ, ಅದೆ." (ಹೌದು, ಹೌದು.) ಪ್ರತಿಯೊಂದಕ್ಕೂ ಅಕ್ಕನದ್ದು ಅದೇ "ಅದೆ, ಅದೆ". ಆದಾಯ ಎಷ್ಟು ಎಂದು ಕೇಳಿದಾಗ ಮಾತ್ರ ಅಕ್ಕ ನಿಲ್ಲುತ್ತಾರೆ. ಹಿಂದಿನಿಂದ ಗಂಡಸಿನ ದನಿ ಸಣ್ಣಗೆ ಕೇಳುತ್ತದೆ. ಮರುಕ್ಷಣ ಅಕ್ಕ ಹೇಳುತ್ತಾರೆ, "ಆರು ಲಕ್ಷಂ."

ಆ ದಿನ ಆತ ಪಕ್ಕದಲ್ಲೇ ಕೂತು, ಎಲ್ಲಕ್ಕೂ ಅದೆ ಅನ್ನಿ ಎಂದಿದ್ದನಂತೆ. ಅಕ್ಕನಿಗೆ ಅದು ನೆನಪೇ ಇರಲಿಲ್ಲ, ತಮ್ಮ ದನಿ ಕೇಳಿದಾಗ ನೆನಪಾಯಿತು. ಕಂಪನಿ ತನ್ನ ಪರವೆಂದು ಇಟ್ಟುಕೊಂಡಿದ್ದ ಸಾಕ್ಷಿ ಅದು.

ಯಾವ ಬಾಗಿಲು

ಮುಂದಿನ ದಾರಿ ಎರಡಿತ್ತು. ಒಂದು, ಕಾಸರಗೋಡಿನ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಐದರಿಂದ ಹತ್ತು ಲಕ್ಷದ ವ್ಯಾಜ್ಯಕ್ಕೆ ಶುಲ್ಕ 200 ರೂಪಾಯಿ ಮಾತ್ರ, ಬಡ್ಡಿ ಮತ್ತು ಮಾನಸಿಕ ಯಾತನೆಗೆ ಪರಿಹಾರವನ್ನೂ ಕೇಳಬಹುದು. ಆದರೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಹಾಕಬೇಕು. ಮಾರಿದ ದಿನದಿಂದ ಲೆಕ್ಕ ಹಿಡಿದರೆ 2023ರ ಮಾರ್ಚಿಗೆ ಅದು ಮುಗಿಯುತ್ತಿತ್ತು. ಇನ್ನೊಂದು, ಕೊಚ್ಚಿಯ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಅಧಿಕಾರಿ. ಶುಲ್ಕ ಇಲ್ಲ, ವಕೀಲರಿಗೆ ಪ್ರವೇಶವೂ ಇಲ್ಲ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋದರೆ ಸಾಕು. ಆಗ 30 ಲಕ್ಷದ ತನಕದ ಪ್ರಕರಣ ತೆಗೆದುಕೊಳ್ಳುತ್ತಿದ್ದರು, 2023ರ ನವೆಂಬರಿನಲ್ಲಿ ಅದು 50 ಲಕ್ಷವಾಯಿತು. ಓಂಬುಡ್ಸ್‌ಮನ್ ಆದೇಶ ಕಂಪನಿಯನ್ನು ಕಟ್ಟಿಹಾಕುತ್ತದೆ, ಗ್ರಾಹಕರನ್ನು ಕಟ್ಟಿಹಾಕುವುದಿಲ್ಲ. ಆದರೆ ಆಯೋಗದಲ್ಲಿ ವ್ಯಾಜ್ಯ ಬಾಕಿ ಇದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ.

ಅಕ್ಕ ಕೊಚ್ಚಿಯನ್ನೇ ಆರಿಸಿದರು. "ಕೋರ್ಟಿನ ಮೆಟ್ಲು ಹತ್ತಲಿಕ್ಕೆ ನನ್ನಿಂದಾಗದು, ಕಟ್ಟಿದ್ದು ಬಂದ್ರೆ ಸಾಕು" ಎಂದರು. ಅದು ಅವರ ತೀರ್ಮಾನ. ಬಡ್ಡಿಯ ಆಸೆ ಆ ದಿನವೇ ಅರ್ಧ ಬಿಟ್ಟ ಹಾಗಾಗುತ್ತದೆ ಎಂದು ನಾನು ಹೇಳಿದ್ದೆ.

2023ರ ಮಾರ್ಚಿನಲ್ಲಿ ದೂರು ಹೋಯಿತು. ಮೂರನೇ ಕಂತಿನ ಸಮಯವೂ ಅದೇ. ಪಾಲಿಸಿಯ ಬಗ್ಗೆ ದೂರು ಇರುವುದರಿಂದ ಕಂತು ಕಟ್ಟುವುದಿಲ್ಲ ಎಂದು ಕಂಪನಿಗೆ ಲಿಖಿತವಾಗಿ ತಿಳಿಸಿದೆವು. ಸುಮ್ಮನೆ ನಿಲ್ಲಿಸುವುದಕ್ಕೂ ಬರೆದು ನಿಲ್ಲಿಸುವುದಕ್ಕೂ ವ್ಯತ್ಯಾಸ ಉಂಟು.

ಆ ನಡುವೆ ಅಕ್ಕನಿಗೆ ಹಿಂದಿಯಲ್ಲಿ ಒಂದು ಫೋನು ಬಂತು. ವಿಮಾ ಪ್ರಾಧಿಕಾರದಿಂದ ಮಾತಾಡುತ್ತಿದ್ದೇವೆ, ಬೋನಸ್ ಸೇರಿ ಹಣ ವಾಪಸು ಬರುತ್ತದೆ, ಮೊದಲು 38 ಸಾವಿರ ತೆರಿಗೆ ಕಟ್ಟಿ ಎಂದು. ಪ್ರಾಧಿಕಾರ ಯಾರಿಗೂ ಹಾಗೆ ಫೋನು ಮಾಡುವುದಿಲ್ಲ. ಒಮ್ಮೆ ಸುಟ್ಟುಕೊಂಡಿದ್ದ ಅಕ್ಕ ಈ ಸಲ ಮಗಳಿಗೆ ಮೊದಲು ಹೇಳಿದರು.

ನಾನು ಎಡವಿದ ಜಾಗ

ವಿಚಾರಣೆಗೆ ಎರಡು ವಾರ ಇದ್ದಾಗ ಕಂಪನಿಯಿಂದ ರಾಜಿಯ ಮಾತು ಬಂತು. ಎಂಟು ಲಕ್ಷವನ್ನೂ ಸೇರಿಸಿ ಐದು ವರ್ಷ ಬಿಟ್ಟು ಪೆನ್ಶನ್ ಬರುವ ಒಂದೇ ಕಂತಿನ ಪಾಲಿಸಿಯಾಗಿ ಬದಲಿಸಿಕೊಡುತ್ತೇವೆ, ಮುಂದೆ ಏನೂ ಕಟ್ಟಬೇಕಾಗಿಲ್ಲ ಎಂದರು. ನಾನು ಒಪ್ಪಿಕೊಳ್ಳಿ ಎಂದೆ. ಎರಡನೇ ಕಂತು ಕಟ್ಟಿದ್ದು ನನ್ನನ್ನು ಹೆದರಿಸಿತ್ತು. ಕಂತು ಕಟ್ಟಿದವರು ಕರಾರನ್ನು ಒಪ್ಪಿದಂತೆ ಎಂದು ಕಂಪನಿಗಳು ವಾದಿಸುವುದನ್ನು ನಾನು ಒಳಗಿದ್ದು ನೋಡಿದವನು.

ಮಗಳು ಒಪ್ಪಲಿಲ್ಲ. "ಇವರ ಹತ್ರವೇ ಇನ್ನೂ ಐದು ವರ್ಷ ಹಣ ಯಾಕೆ ಬಿಡ್ಬೇಕು ಮಾಮ? ಅಮ್ಮನಿಗೆ ಬೇಕಾದ್ದು ಈಗ" ಎಂದಳು. ಎರಡನೇ ಕಂತಿಗೆ ಉತ್ತರ ಹುಡುಕಿದ್ದೂ ಅವಳೇ. ಅವಳು ಪಾಸ್‌ಬುಕ್ ತಂದು ತೋರಿಸಿದ್ದು ಒಂದೇ ತಾರೀಕಿನ ಎರಡು ನಮೂದು: ದಂಡ ಕಳೆದು ಬಂದ ಎಫ್‌ಡಿ, ಅದರ ಕೆಳಗೆ ಹೊರಹೋದ 4,09,000. ಇನ್ನೊಂದು ಕಂತು ಉಂಟೆಂದು ಮೊದಲೇ ತಿಳಿದವರು ಅದಕ್ಕೆ ಹಣ ಬದಿಗಿಟ್ಟಿರುತ್ತಿದ್ದರು, ಏಳು ತಿಂಗಳು ಬಾಕಿ ಇರುವ ಎಫ್‌ಡಿ ಮುರಿಯುತ್ತಿರಲಿಲ್ಲ. ನಾನು ಆ ಪುಟವನ್ನು ಹತ್ತು ಸಲ ನೋಡಿದ್ದೆ, ನನಗೆ ಹೊಳೆದಿರಲಿಲ್ಲ. ರಾಜಿ ಬೇಡ ಎಂದು ಬರೆದು ಕಳಿಸಿದೆವು.

ವಿಚಾರಣೆ, ಆದೇಶ

2023ರ ಜುಲೈಯಲ್ಲಿ ವಿಡಿಯೋ ಮೂಲಕ ವಿಚಾರಣೆ ನಡೆಯಿತು. ರಾತ್ರಿ ರೈಲು ಹತ್ತುವ ತಾಪತ್ರಯ ತಪ್ಪಿತು. ಅಕ್ಕ ಮತ್ತು ನಾಮಿನಿಯಾದ ಮಗಳು ಫೋನಿನ ಎದುರು ಕೂತರು, ನಾನು ಚಾವಡಿಯಲ್ಲಿ. ಮಲಯಾಳದಲ್ಲಿ ಪ್ರಶ್ನೆ ಬಂದಾಗ ಅಕ್ಕ ಕನ್ನಡದಲ್ಲಿ ಉತ್ತರಿಸಲು ಅನುಮತಿ ಕೇಳಿದರು, ಮಗಳು ತಿರುಗಿಸಿ ಹೇಳಿದಳು. ಇಪ್ಪತ್ತು ನಿಮಿಷದೊಳಗೆ ಮುಗಿಯಿತು. ಬಾಂಡ್ ಬಂದಿತ್ತೇ ಎಂಬ ಪ್ರಶ್ನೆಗೆ ಅಕ್ಕ ಹೌದು ಎಂದರು, ಯಾಕೆ ತೆರೆಯಲಿಲ್ಲ ಎಂದೂ ಹೇಳಿದರು. ಕಂಪನಿಯ ಪ್ರತಿನಿಧಿ ಕೊರಿಯರ್ ರಸೀದಿ ಸಿದ್ಧ ಮಾಡಿಕೊಂಡು ಬಂದಿದ್ದರು, ಅದನ್ನು ತೋರಿಸುವ ಸಂದರ್ಭವೇ ಬರಲಿಲ್ಲ. ರೆಕಾರ್ಡಿಂಗಿನಲ್ಲಿ ಕೇಳುವ ಗಂಡಸಿನ ದನಿ ಯಾರದ್ದು ಎಂದು ಕೇಳಿದಾಗ ಅವರ ಹತ್ತಿರ ಉತ್ತರ ಇರಲಿಲ್ಲ.

ಆಗಸ್ಟಿನಲ್ಲಿ ಆದೇಶ ಬಂತು. ಆದಾಯಕ್ಕೆ ಹೊಂದದ ಪಾಲಿಸಿ, ಅರ್ಥವಾಗುವ ಭಾಷೆಯಲ್ಲಿ ವಿವರಿಸಿದ್ದಕ್ಕೆ ಆಧಾರವಿಲ್ಲ, ಆದ್ದರಿಂದ ಪಾಲಿಸಿ ರದ್ದು ಮಾಡಿ ಕಟ್ಟಿದ್ದನ್ನು ಮರಳಿಸಬೇಕು. ಬಡ್ಡಿ ಇಲ್ಲ, ಏಕೆಂದರೆ ಬಾಂಡ್ ಕೈಯಲ್ಲಿದ್ದೂ ಅವಧಿಯೊಳಗೆ ಹೇಳಲಿಲ್ಲ. ಆದೇಶ ತಲುಪಿದ 30 ದಿನದೊಳಗೆ ಕಂಪನಿ ಪಾಲಿಸಬೇಕು. ಸೆಪ್ಟೆಂಬರಿನಲ್ಲಿ 8,27,000 ಖಾತೆಗೆ ಬಿತ್ತು.

ಎಫ್‌ಡಿಯಲ್ಲೇ ಇದ್ದಿದ್ದರೆ, ಶೇಕಡಾ 5.5ರಂತೆ ಸರಳವಾಗಿ ಹಿಡಿದರೂ, ಮೊದಲ ನಾಲ್ಕು ಲಕ್ಷಕ್ಕೆ ಎರಡೂವರೆ ವರ್ಷದ 55 ಸಾವಿರ, ಎರಡನೆಯದಕ್ಕೆ ಒಂದೂವರೆ ವರ್ಷದ 33 ಸಾವಿರ. ಒಟ್ಟು 88 ಸಾವಿರ ಹೋಯಿತು, ಎಫ್‌ಡಿ ಮುರಿದ ದಂಡ ಬೇರೆ. ಮಾರಿದವನಿಗೆ ಏನೂ ಆಗಲಿಲ್ಲ. ಅದು ನನಗೆ ಇವತ್ತಿಗೂ ಸಂಕಟ. ಬಡ್ಡಿಗೆಂದು ಮುಂದೆ ಹೋಗುವ ದಾರಿಯನ್ನು ಅಕ್ಕನ ಮುಂದೆ ಇಟ್ಟೆ, ಅವರು ಸಾಕು ಎಂದರು. ನಾನು ಒತ್ತಾಯಿಸಲಿಲ್ಲ.

ಅಷ್ಟರಲ್ಲಿ ಅಕ್ಕನಿಗೆ 60 ತುಂಬಿತ್ತು. ಎಂಟು ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡುವುದೆಂದಾಯಿತು. ಆಗ ಬಡ್ಡಿ ಶೇಕಡಾ 8.2, ಮೂರು ತಿಂಗಳಿಗೊಮ್ಮೆ 16,400 ರೂಪಾಯಿ. ಟೈ ಹುಡುಗನ ಹತ್ತಿರ ಮೊದಲ ದಿನ ಅಕ್ಕ ಕೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಅಂಚೆ ಕಚೇರಿಗೆ ನಾನೂ ಹೋಗಿದ್ದೆ. ಸಹಿ ಹಾಕುವ ಜಾಗವನ್ನು ಗುಮಾಸ್ತೆ ಬೆರಳಿಟ್ಟು ತೋರಿಸಿದರು. ಅಕ್ಕ ಪೆನ್ನು ಕೆಳಗಿಟ್ಟು, "ಎಷ್ಟು ಸಲ ಕಟ್ಟಲಿಕ್ಕುಂಟು ಮೇಡಂ?" ಎಂದು ಕೇಳಿದರು. ಒಂದೇ ಸಲ ಎಂದರು ಅವರು. ಅಕ್ಕ ಚೀಲದಿಂದ ಒಂದು ಹಾಳೆ ತೆಗೆದು ಮುಂದೆ ಸರಿಸಿದರು. "ಅದನ್ನು ಇದರಲ್ಲಿ ಕನ್ನಡದಲ್ಲಿ ಬರೆದು ಕೊಡ್ತೀರಾ?"

ಹಿಂದೆ ಸರತಿಯಲ್ಲಿ ಆರು ಜನ ಇದ್ದರು. ಗುಮಾಸ್ತೆ ಬರೆದು ಕೊಟ್ಟರು.